ಒಂದು ಹತ್ತಿ ಕಾಯಿ, 32 ಬೀಜ: ಬಿಟಿಯನ್ನು ಗುಲಾಬಿ ಹುಳು ದಾಟಿದ ಬಗೆ

ಎಳೆಯ ಹತ್ತಿ ಕಾಯಿಯನ್ನು ಕಿತ್ತು ಅಡ್ಡಕ್ಕೆ ಕೊಯ್ದರೆ ನಾಲ್ಕು ತೊಳೆ ಕಾಣುತ್ತವೆ. ಒಂದೊಂದು ತೊಳೆಯಲ್ಲಿ ಏಳೋ ಎಂಟೋ ಬೀಜ. ಲೆಕ್ಕಕ್ಕೆ ಎಂಟೇ ಎಂದುಕೊಳ್ಳೋಣ. ಕಾಯಿಗೆ 32 ಬೀಜ. ಗಿಡ ಬಿಟಿ ಹತ್ತಿಯದು, ಹುಳು ಕೊಲ್ಲುವ ಎರಡು ಜೀನ್‌ಗಳಿರುವ ಬೋಲ್‌ಗಾರ್ಡ್-2 ಹೈಬ್ರಿಡ್. ಈ 32ರಲ್ಲಿ ಎಷ್ಟು ಬೀಜಗಳ ತಿರುಳಿನಲ್ಲಿ ಆ ಎರಡೂ ಜೀನ್ ಇರುತ್ತವೆ? ಎಲ್ಲದರಲ್ಲೂ ಎಂದೇ ನಾವು ಅಂದುಕೊಂಡಿರುತ್ತೇವೆ. ಲೆಕ್ಕ ಹಾಕಿದರೆ ಬರುವ ಸರಾಸರಿ 18 ಮಾತ್ರ. ಆರು ಬೀಜಗಳಲ್ಲಿ ಮೊದಲ ಜೀನ್ ಅಷ್ಟೇ ಇರುತ್ತದೆ, ಇನ್ನಾರರಲ್ಲಿ ಎರಡನೆಯದಷ್ಟೇ. ಉಳಿದ ಎರಡು ಬೀಜಗಳಲ್ಲಿ ಯಾವುದೂ ಇಲ್ಲ.

ಬೀಜ ಕಳಪೆಯಾಗಿದ್ದಕ್ಕೆ ಹೀಗಾಗುವುದಲ್ಲ. ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮೆಂಡೆಲನ 9:3:3:1 ಲೆಕ್ಕವೇ ಇದು. ಹೈಬ್ರಿಡ್ ಬೀಜ ತಯಾರಿಸುವಾಗ ಬಿಟಿ ಜೀನ್ ಇರುವುದು ತಂದೆ, ತಾಯಿ ಗಿಡಗಳ ಪೈಕಿ ಒಂದರಲ್ಲಿ ಮಾತ್ರ. ಹಾಗಾಗಿ ಹುಟ್ಟುವ ಹೈಬ್ರಿಡ್ ಗಿಡಕ್ಕೆ ಪ್ರತಿ ಜೀನಿನ ಒಂದೇ ಪ್ರತಿ ಸಿಗುತ್ತದೆ. ಆ ಗಿಡದ ಎಲೆ, ಕಾಂಡ, ಮೊಗ್ಗು, ಕಾಯಿಯ ಸಿಪ್ಪೆ ಎಲ್ಲವೂ ಬಿಟಿಯೇ. ಕಾಯಿಯೊಳಗಿನ ಬೀಜ ಮಾತ್ರ ಆ ಗಿಡದ ಮಕ್ಕಳು, ಮುಂದಿನ ತಲೆಮಾರು. ಒಂದೇ ಪ್ರತಿ ಇರುವ ಆಸ್ತಿಯನ್ನು ಮಕ್ಕಳಿಗೆ ಹಂಚುವಾಗ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ.

ಎಲೆ ತಿನ್ನುವ ಹುಳುವಿಗೆ ಇದರಿಂದ ಏನೂ ವ್ಯತ್ಯಾಸವಾಗದು. ಬೀಜವನ್ನೇ ನಂಬಿ ಬದುಕುವ ಹುಳುವಿಗೆ ಬಹಳ ವ್ಯತ್ಯಾಸವಾಗುತ್ತದೆ. ಗುಲಾಬಿ ಕಾಯಿಕೊರಕ ಅಂಥ ಹುಳು.

ಬಿಟಿ ಹತ್ತಿ ನಮ್ಮ ಹೊಲಗಳಿಗೆ ಬಂದು ಎರಡು ದಶಕ ದಾಟಿದೆ. ಅಷ್ಟೂ ಕಾಲ ನಮ್ಮಲ್ಲಿ ನಡೆದ ಚರ್ಚೆ ಬಹುಪಾಲು ಎರಡೇ ಪಕ್ಷಗಳದ್ದು. ಒಂದು ಪಕ್ಷಕ್ಕೆ ಅದು ವರ, ಇನ್ನೊಂದಕ್ಕೆ ಶಾಪ. ಆ ಗದ್ದಲದಲ್ಲಿ ಕಾಯಿಯೊಳಗಿನ ಬೀಜ ಎಣಿಸುವ ಕೆಲಸ ಹಿಂದೆ ಬಿತ್ತು. ಕುಲಾಂತರಿ ಬೇಕೋ ಬೇಡವೋ ಎಂದು ಕೇಳುವ ಮೊದಲು ಕೇಳಬೇಕಾದ ಸಣ್ಣ ಪ್ರಶ್ನೆಗಳಿದ್ದವು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಜೀನನ್ನು ಯಾವ ಬಗೆಯ ಗಿಡದಲ್ಲಿಡುತ್ತೇವೆ? ಆ ಗಿಡ ಎಷ್ಟು ತಿಂಗಳು ಹೊಲದಲ್ಲಿ ನಿಲ್ಲುತ್ತದೆ? ಅದರ ಪಕ್ಕದಲ್ಲಿ ಏನು ಬಿತ್ತುತ್ತೇವೆ? ಹುಳು ಗೆದ್ದದ್ದು ಈ ಮೂರು ಪ್ರಶ್ನೆಗಳಿಗೆ ನಾವು ಕೊಟ್ಟ ಉತ್ತರದಿಂದ.

ಬೀಗ ಮತ್ತು ಕೀಲಿಕೈ

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಸಹಜವಾಗಿ ಸಿಗುವ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಸಾಯುವ ಕಾಯಿಲೆಯ ಬೆನ್ನು ಹತ್ತಿ ಇದನ್ನು ಕಂಡರು. ಹತ್ತು ವರ್ಷದ ನಂತರ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ತುರಿಂಗಿಯಾ ಪ್ರಾಂತ್ಯದಿಂದ ಬಂದ ಹಿಟ್ಟಿನ ಪತಂಗದ ಮರಿಗಳಲ್ಲಿ ಇದನ್ನೇ ಗುರುತಿಸಿ ಆ ಪ್ರಾಂತ್ಯದ ಹೆಸರನ್ನಿಟ್ಟರು. ಇದರ ಪುಡಿಯನ್ನು ಕೀಟನಾಶಕವಾಗಿ ಸಿಂಪಡಿಸುವುದು ಹತ್ತಾರು ವರ್ಷಗಳಿಂದ ಇದೆ. ಹಿಪ್ಪುನೇರಳೆ ತೋಟದ ಸುತ್ತಮುತ್ತ ಮಾತ್ರ ಬೇಡ ಎಂದು ರೇಷ್ಮೆ ಬೆಳೆಗಾರರಿಗೆ ಇಂದಿಗೂ ಎಚ್ಚರಿಕೆ ಹೇಳುತ್ತಾರೆ.

ಈ ಬ್ಯಾಕ್ಟೀರಿಯಾ ತನ್ನೊಳಗೆ ಹರಳಿನಂಥ ಒಂದು ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಹುಳುವಿನ ಕರುಳಿನಲ್ಲಿ ಕ್ಷಾರ ಹೆಚ್ಚು. ಆ ಕ್ಷಾರದಲ್ಲಿ ಹರಳು ಕರಗುತ್ತದೆ, ಕರುಳಿನ ಕಿಣ್ವಗಳು ಅದನ್ನು ಕತ್ತರಿಸಿ ಚುರುಕುಗೊಳಿಸುತ್ತವೆ, ಬಳಿಕ ಅದು ಕರುಳಿನ ಗೋಡೆಯ ಕೋಶಗಳ ಮೇಲಿರುವ ನಿರ್ದಿಷ್ಟ ಪ್ರೋಟೀನುಗಳಿಗೆ ಬೀಗಕ್ಕೆ ಕೀಲಿಕೈ ಕೂತ ಹಾಗೆ ಕೂರುತ್ತದೆ. ಕೂತ ಮೇಲೆ ಗೋಡೆಯಲ್ಲಿ ತೂತು ಬೀಳುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲವಿದೆ, ಆ ಬೀಗವೂ ಇಲ್ಲ.

ಬೋಲ್‌ಗಾರ್ಡ್-1ರಲ್ಲಿ ಇರುವುದು ಕ್ರೈ1ಎಸಿ ಎಂಬ ಒಂದು ಜೀನ್. ಬೋಲ್‌ಗಾರ್ಡ್-2ರಲ್ಲಿ ಅದರ ಜೊತೆಗೆ ಕ್ರೈ2ಎಬಿ. ಎರಡರ ಬೀಗಗಳೂ ಬೇರೆ ಬೇರೆ. ಆದ್ದರಿಂದಲೇ ಎರಡನ್ನು ಒಟ್ಟಿಗೆ ಇಟ್ಟರೆ ಹುಳುವಿಗೆ ತಪ್ಪಿಸಿಕೊಳ್ಳುವುದು ಬಹಳ ಕಷ್ಟ ಎಂಬ ತರ್ಕ ಸರಿಯಾಗಿಯೇ ಇತ್ತು. ಕೋಟಿ ಹುಳುಗಳಲ್ಲಿ ಎಲ್ಲೋ ಒಂದಕ್ಕೆ ಒಂದು ಬೀಗ ಹುಟ್ಟಿನಿಂದಲೇ ಕೆಟ್ಟಿರಬಹುದು. ಎರಡೂ ಕೆಟ್ಟಿರುವ ಹುಳು ಸಿಗುವುದು ಅದಕ್ಕಿಂತ ಎಷ್ಟೋ ಪಟ್ಟು ಅಪರೂಪ.

ಕೀಲಿಕೈಯನ್ನು ಸೋಲಿಸಲು ಹುಳು ಹೊಸದೇನನ್ನೂ ಕಲಿಯಬೇಕಿಲ್ಲ, ಬೀಗ ಕೆಟ್ಟಿದ್ದರೆ ಸಾಕು. ಭಾರತದ ಹೊಲಗಳಿಂದ ಹಿಡಿದ ಗುಲಾಬಿ ಹುಳುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೈ1ಎಸಿಯ ಬೀಗವಾದ ಕ್ಯಾಡ್‌ಹೆರಿನ್ ಜೀನ್ ಎಂಟು ಬೇರೆ ಬೇರೆ ರೀತಿಯಲ್ಲಿ ಮುರಿದಿರುವುದು ಕಂಡುಬಂತು. ಮುಂದೆ ಕ್ರೈ2ಎಬಿಗೆ ಸಂಬಂಧಿಸಿದ ಎಬಿಸಿಎ2 ಎಂಬ ಜೀನಿನಲ್ಲೂ ಅಂಥದೇ ಒಡಕುಗಳು ಸಿಕ್ಕವು. ಎಂಟು ರೀತಿ ಎಂಬುದನ್ನು ಗಮನಿಸಬೇಕು. ಎಲ್ಲೋ ಹುಟ್ಟಿದ ಒಂದೇ ಹುಳುವಿನ ಸಂತತಿ ದೇಶದ ತುಂಬ ಹಬ್ಬಿತು ಎನ್ನುವುದಕ್ಕಿಂತ, ಬೇರೆ ಬೇರೆ ದಾರಿಯಲ್ಲಿ ಬೀಗ ಮುರಿದುಕೊಂಡ ಹುಳುಗಳೆಲ್ಲ ಉಳಿದು ಬೆಳೆಯುವಂಥ ವಾತಾವರಣ ನಮ್ಮ ಹೊಲಗಳಲ್ಲಿತ್ತು ಎಂದು ಇದು ಹೇಳುತ್ತದೆ.

ಎರಡು ಹುಳು, ಎರಡು ಹಣೆಬರಹ

1990ರ ದಶಕದ ಕೊನೆಯಲ್ಲಿ ಹತ್ತಿ ಬೆಳೆದವರನ್ನು ಕೇಳಿದರೆ ಹಸಿರು ಕಾಯಿಕೊರಕದ ಕಾಟವನ್ನು ಇಂದಿಗೂ ಮರೆತಿಲ್ಲ. ಪೈರೆಥ್ರಾಯ್ಡ್ ಗುಂಪಿನ ಔಷಧಿಗೆ ಅದು ಜಗ್ಗುತ್ತಿರಲಿಲ್ಲ. ಸಿಂಪಡಣೆ ಹೆಚ್ಚಿತು, ಸಾಲ ಹೆಚ್ಚಿತು. ಆ ಹೊತ್ತಿಗೆ ಬಂದದ್ದು ಬಿಟಿ. 2002ರ ಮಾರ್ಚ್ 26ರಂದು, ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಬೋಲ್‌ಗಾರ್ಡ್-2 ಬಂತು. ಹತ್ತು ವರ್ಷದೊಳಗೆ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬಿಟಿಯಾಯಿತು. 2013-14ರಲ್ಲಿ ದೇಶ 398 ಲಕ್ಷ ಬೇಲ್ ಹತ್ತಿ ಬೆಳೆದು, ಹೆಕ್ಟೇರಿಗೆ 566 ಕಿಲೋ ಅರಳೆ ತೆಗೆದ ದಾಖಲೆಯೂ ಬಂತು. ಅದರ ಪಾಲು ಪೂರ್ತಿ ಬಿಟಿ ಜೀನಿಗೆ ಸಲ್ಲದು. ಹೊಸ ಕೀಟನಾಶಕ, ಹೆಚ್ಚಿದ ನೀರಾವರಿ, ರಸಗೊಬ್ಬರಗಳ ಪಾಲೂ ಇತ್ತು. ಆದರೂ ಹಸಿರು ಹುಳುವಿನಿಂದ ರೈತರಿಗೆ ಸಿಕ್ಕ ಬಿಡುಗಡೆ ನಿಜವಾದದ್ದು, ಅದನ್ನು ಅಲ್ಲಗಳೆಯುವವರು ಹೊಲಕ್ಕೆ ಹೋದವರಲ್ಲ. ಈಚಿನ ವರ್ಷಗಳಲ್ಲಿ ಇಳುವರಿ ಮತ್ತೆ 450 ಕಿಲೋದ ಆಸುಪಾಸಿಗೆ ಇಳಿದಿದೆ.

ಇಲ್ಲೊಂದು ಸೋಜಿಗವಿದೆ. ಅದೇ ಬಿಟಿ, ಅದೇ ಹೊಲ, ಅಷ್ಟೇ ವರ್ಷ. ಹಸಿರು ಕಾಯಿಕೊರಕ ಇಂದಿಗೂ ಬಹುಮಟ್ಟಿಗೆ ಬಿಟಿಗೆ ಸಾಯುತ್ತದೆ, ಗುಲಾಬಿ ಹುಳು ಸಾಯುವುದಿಲ್ಲ. ಯಾಕೆ?

ಹಸಿರು ಹುಳು ತಿನ್ನದ ಬೆಳೆ ಕಡಿಮೆ. ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ ಎಲ್ಲದರ ಮೇಲೂ ಇದೆ. ಕಲಬುರಗಿಯ ತೊಗರಿ ಹೊಲದಲ್ಲಿ ಬಿಟಿಯ ಗಾಳಿಯೂ ಸೋಕದೆ ಬೆಳೆದ ಅಸಂಖ್ಯ ಹುಳುಗಳು ಪತಂಗವಾಗಿ ಹಾರಿ ಬಂದು, ಹತ್ತಿ ಹೊಲದಲ್ಲಿ ಬಿಟಿ ತಿಂದೂ ಬದುಕಿದ ಒಂದೆರಡು ಪತಂಗಗಳನ್ನು ಕೂಡುತ್ತವೆ. ಪ್ರತಿರೋಧದ ಗುಣ ಸಾಮಾನ್ಯವಾಗಿ ಸುಪ್ತ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಒಂದು ಬೀಗ ಕೆಟ್ಟ ಪತಂಗ, ಬೀಗ ಸರಿಯಿರುವ ಪತಂಗವನ್ನು ಕೂಡಿ ಹಾಕಿದ ಮರಿಗಳಲ್ಲಿ ಒಂದು ಸರಿಯಾದ ಪ್ರತಿ ಇದ್ದೇ ಇರುತ್ತದೆ, ಅವು ಬಿಟಿ ತಿಂದರೆ ಸಾಯುತ್ತವೆ. ತೊಗರಿ ಬೆಳೆದವರು ತಮಗೆ ಅರಿವಿಲ್ಲದೆಯೇ ಹತ್ತಿ ಬೆಳೆದವರ ಬಿಟಿಯನ್ನು ಕಾಯುತ್ತಿದ್ದರು.

ಗುಲಾಬಿ ಹುಳುವಿಗೆ ನಮ್ಮಲ್ಲಿ ಹತ್ತಿ ಬಿಟ್ಟರೆ ಬೇರೆ ಊಟ ಇಲ್ಲವೆಂದೇ ಹೇಳಬೇಕು. ಇದು ಹೊರಗಿನಿಂದ ಬಂದ ಕೀಟವೂ ಅಲ್ಲ; ಸಾಂಡರ್ಸ್ ಎಂಬ ಬ್ರಿಟಿಷ್ ಕೀಟತಜ್ಞ 1840ರ ದಶಕದಲ್ಲಿ ಇದನ್ನು ಮೊದಲು ವಿವರಿಸಿದ್ದೇ ಗುಜರಾತಿನ ಭರೂಚಿನ ಹತ್ತಿಯಿಂದ ಬಂದ ಮಾದರಿಗಳನ್ನಿಟ್ಟುಕೊಂಡು. ಸುತ್ತ ನೂರಕ್ಕೆ 90ರಷ್ಟು ಬಿಟಿ ಹತ್ತಿಯೇ ಇದ್ದರೆ, ಬೀಗ ಸರಿಯಿರುವ ಗುಲಾಬಿ ಪತಂಗ ಹುಟ್ಟುವುದಾದರೂ ಎಲ್ಲಿ? ಬದುಕುಳಿದವು ಬದುಕುಳಿದವನ್ನೇ ಕೂಡಿದವು.

ಈ ಅಪಾಯ ಮೊದಲೇ ಗೊತ್ತಿತ್ತು. ಆದ್ದರಿಂದಲೇ ಬಿಟಿ ಹೊಲದ ಸುತ್ತ ಐದು ಸಾಲು ಅಥವಾ ನೂರಕ್ಕೆ 20ರಷ್ಟು ಜಾಗದಲ್ಲಿ, ಯಾವುದು ಹೆಚ್ಚೋ ಅಷ್ಟು, ಬಿಟಿ ಅಲ್ಲದ ಹತ್ತಿ ಬಿತ್ತಬೇಕೆಂಬ ನಿಯಮ ಬಂತು. ಇದಕ್ಕೆ ಆಶ್ರಯ ಬೆಳೆ ಎನ್ನುತ್ತಾರೆ. 450 ಗ್ರಾಂ ಬಿಟಿ ಬೀಜದ ಪ್ಯಾಕೆಟ್ಟಿನ ಜೊತೆ 120 ಗ್ರಾಂ ನಾನ್-ಬಿಟಿ ಬೀಜದ ಪೊಟ್ಟಣವೂ ಬರುತ್ತಿತ್ತು. ಬಹುತೇಕರು ಅದನ್ನು ಬಿತ್ತಲಿಲ್ಲ. ರೈತರನ್ನು ದೂರುವುದು ಸುಲಭ. ಆದರೆ ಎರಡೂವರೆ ಎಕರೆಯವರಿಗೆ ಅರ್ಧ ಎಕರೆಯನ್ನು ಹುಳುವಿಗೆ ಬಿಡಿ ಎಂದರೆ, ಅದರ ನಷ್ಟ ತುಂಬುವವರು ಯಾರು? ಆ ಬೀಜ ಬಿಟಿಯ ಜೊತೆಗೇ ಹೂ ಬಿಡುವಂಥದ್ದು ಎಂದು ಖಾತ್ರಿ ಕೊಟ್ಟವರಾದರೂ ಯಾರು? ಅಕ್ಕಪಕ್ಕದವರೆಲ್ಲ ಬಿತ್ತಿದರೆ ಮಾತ್ರ ಫಲ ಕೊಡುವ ಕೆಲಸವನ್ನು ಒಬ್ಬೊಬ್ಬರ ಹೆಗಲಿಗೆ ಹಾಕಿ, ಕಾರಣ ವಿವರಿಸದೆ, ಒಂದು ಪೊಟ್ಟಣ ಕೊಟ್ಟು ಕೈತೊಳೆದುಕೊಂಡ ವ್ಯವಸ್ಥೆ ಅದು. ತೊಗರಿಯನ್ನು ಆಶ್ರಯ ಬೆಳೆಯಾಗಿ ಒಪ್ಪಿಕೊಂಡದ್ದೂ ಉಂಟು. ಹಸಿರು ಹುಳುವಿನ ಮಟ್ಟಿಗೆ ಅದು ಸರಿ, ತೊಗರಿ ತಿನ್ನದ ಗುಲಾಬಿ ಹುಳುವಿನ ಮಟ್ಟಿಗೆ ಅರ್ಥವೇ ಇಲ್ಲದ್ದು.

ಫಲಿತಾಂಶ ಬರಲು ತಡವಾಗಲಿಲ್ಲ. ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಗುಲಾಬಿ ಹುಳು ಬೋಲ್‌ಗಾರ್ಡ್-1ಕ್ಕೆ ಜಗ್ಗುತ್ತಿಲ್ಲವೆಂದು 2010ರ ಮಾರ್ಚ್‌ನಲ್ಲಿ ಅದನ್ನು ರೂಪಿಸಿದ ಮೊನ್ಸಾಂಟೊ ಕಂಪನಿಯೇ ಬಹಿರಂಗಪಡಿಸಿತು. ಪರಿಹಾರವಾಗಿ ಮುಂದೆ ಬಂದದ್ದು ಬೋಲ್‌ಗಾರ್ಡ್-2. ಎರಡು ಬೀಗದ ತರ್ಕ ಕುಸಿದದ್ದು ಇಲ್ಲೇ. ಮೊದಲ ಬೀಗ ಆಗಲೇ ಮುರಿದಿದ್ದ ಊರಿನಲ್ಲಿ ಎರಡು ಜೀನಿನ ಹತ್ತಿ, ಗುಲಾಬಿ ಹುಳುವಿನ ಪಾಲಿಗೆ ಒಂದೇ ಜೀನಿನ ಹತ್ತಿ. 2014-15ರ ಹೊತ್ತಿಗೆ ಗುಜರಾತಿನಲ್ಲಿ ಎರಡನೆಯದೂ ಮುರಿಯಿತು. ಅದೇ ಆಸುಪಾಸಿನಲ್ಲಿ ರಾಯಚೂರು ಭಾಗದ ಬೋಲ್‌ಗಾರ್ಡ್-2 ಹೊಲಗಳಲ್ಲೂ ಗುಲಾಬಿ ಹುಳು ಕಾಣಿಸಿಕೊಂಡಿತು. ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಮಧ್ಯಪ್ರದೇಶ ಆಮೇಲೆ. 2021ರಲ್ಲಿ ಪಂಜಾಬಿನ ಹತ್ತಿ ಪಟ್ಟಿಯೂ ಬಲಿಯಾಯಿತು.

ಈ ಹುಳುವಿನ ಹಾನಿ ಹೊರಗೆ ಕಾಣುವುದಿಲ್ಲ, ಅದೇ ಇದರ ದೊಡ್ಡ ಕಷ್ಟ. ಮೊಟ್ಟೆಯೊಡೆದ ಮರಿ ಅಷ್ಟರಲ್ಲೇ ಕಾಯಿ ಹೊಕ್ಕುಬಿಡುತ್ತದೆ, ಹೊಕ್ಕ ತೂತು ಮುಚ್ಚಿಹೋಗುತ್ತದೆ. ಮೇಲಿನಿಂದ ಎಷ್ಟು ಸಿಂಪಡಿಸಿದರೂ ಔಷಧಿ ಅದಕ್ಕೆ ತಾಗದು. ಹಸಿರಾಗಿ ದುಂಡಗಿರುವ ಕಾಯಿ ಸರಿಯಾಗಿ ಅರಳದೆ ನಿಂತಾಗ, ಅರಳೆ ಕಂದಿ ಗಂಟುಗಟ್ಟಿ ಬಂದಾಗ, ಎರಡು ಬೀಜ ಒಂದಕ್ಕೊಂದು ಅಂಟಿಕೊಂಡು ನಡುವೆ ಹುಳು ಮಲಗಿದ್ದಾಗ ಗೊತ್ತಾಗುತ್ತದೆ. ಹೂವಿನ ಹಂತದಲ್ಲಿ ಒಂದು ಸುಳಿವಿದೆ: ದಳಗಳು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಿರುತ್ತವೆ. ಗೊತ್ತಿದ್ದವರು ಅದನ್ನು ಕಿತ್ತು ಹಾಕುತ್ತಾರೆ. ಗೊತ್ತಿಲ್ಲದವರು ಅಂಗಡಿಯವರು ಕೊಟ್ಟ ಔಷಧಿಗಳನ್ನು ಬೆರೆಸಿ ಹೊಡೆಯುತ್ತಾರೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ಏರಿ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಅದಕ್ಕೆ ಈ ಹುಳುವೊಂದೇ ಕಾರಣವಲ್ಲ, ರಸ ಹೀರುವ ಕೀಟಗಳ ಹಾವಳಿಯೂ ಇತ್ತು. ಸಿಂಪಡಣೆಯಿಂದ ಬಿಡುಗಡೆ ಕೊಡುತ್ತೇನೆಂದು ಬಂದ ಬೆಳೆಯಲ್ಲಿ ಸಿಂಪಡಿಸುತ್ತಲೇ ಜನ ಸತ್ತದ್ದನ್ನು ನೆನೆದರೆ ಎದೆ ಭಾರವಾಗುತ್ತದೆ.

ಹೈಬ್ರಿಡ್ ಎಂಬ ಆಯ್ಕೆ

ಮತ್ತೆ ಆ 32 ಬೀಜಕ್ಕೆ ಬರೋಣ. ಬಿಟಿ ಜೀನನ್ನು ಸಾಮಾನ್ಯ ತಳಿಯಲ್ಲಿ ಇಟ್ಟಿದ್ದರೆ, ಅಂದರೆ ಎರಡೂ ಪ್ರತಿ ಸ್ಥಿರವಾಗಿರುವ ಗಿಡದಲ್ಲಿ, 32ಕ್ಕೆ 32 ಬೀಜದಲ್ಲೂ ಎರಡೂ ಜೀನ್ ಇರುತ್ತಿತ್ತು. ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್‌ಗಳಲ್ಲಿ ಇರುವುದು ಹಾಗೆಯೇ. ಬಹುತೇಕ ಪೂರ್ತಿ ಬಿಟಿಯನ್ನು ಹೈಬ್ರಿಡ್‌ನಲ್ಲೇ ಬೆಳೆದ ದೊಡ್ಡ ದೇಶ ನಮ್ಮದು.

ಹೈಬ್ರಿಡ್ ಗಿಡದ ಕಾಯಿಯಲ್ಲಿ ನಡೆಯುವುದನ್ನು ಹುಳುವಿನ ಕಡೆಯಿಂದ ನೋಡಿ. ಸಿಪ್ಪೆ ಕೊರೆಯುವಾಗ ಒಂದಷ್ಟು ವಿಷ ಒಳಗೆ ಹೋಗುತ್ತದೆ. ಹಂಗಾಮು ಮುಂದುವರಿದಂತೆ ಗಿಡದಲ್ಲಿ ಕ್ರೈ1ಎಸಿ ಪ್ರಮಾಣ ಹೇಗೂ ಇಳಿಯುತ್ತಾ ಹೋಗುತ್ತದೆ. ಮುಂದೆ ಸಿಗುವ ಬೀಜದಲ್ಲಿ ಎರಡು ವಿಷ ಇರಬಹುದು, ಒಂದಿರಬಹುದು, ಇಲ್ಲದೆಯೂ ಇರಬಹುದು. ಒಂದೇ ಸಲಕ್ಕೆ ಕೊಲ್ಲುವಷ್ಟು ಗಟ್ಟಿ ಪೆಟ್ಟು ಬೀಳಬೇಕಾದ ಕಡೆ ಹೆಚ್ಚು ಕಡಿಮೆ ಪೆಟ್ಟುಗಳ ಮಿಶ್ರಣ ಬೀಳುತ್ತದೆ. ಅರ್ಧ ಪ್ರತಿರೋಧ ಇರುವ ಹುಳು, ಅಂದರೆ ಒಂದೇ ಬೀಗ ಕೆಟ್ಟಿರುವುದು, ತಳಿಯಲ್ಲಾದರೆ ಸಾಯುತ್ತಿತ್ತು. ಇಲ್ಲಿ ಅದಕ್ಕೆ ಬದುಕುವ ಅವಕಾಶ ಇದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ್ ಕ್ರಾಂತಿ ಹೈಬ್ರಿಡ್‌ನ ಈ ದೌರ್ಬಲ್ಯವನ್ನು ವರ್ಷಗಟ್ಟಲೆ ಎತ್ತಿ ಹೇಳಿದರು.

ಎರಡನೆಯ ತೊಡಕು ಕಾಲದ್ದು. ಹೈಬ್ರಿಡ್ ಬೀಜ ದುಬಾರಿ. ಆರಂಭದ ವರ್ಷಗಳಲ್ಲಿ 450 ಗ್ರಾಂ ಪ್ಯಾಕೆಟ್ಟಿಗೆ 1,600 ರೂಪಾಯಿಗೂ ಮೇಲಿತ್ತು. ಸರ್ಕಾರಗಳು ನಡುವೆ ಬಂದ ಮೇಲೆ ಇಳಿಯಿತು, 2025ರ ಹಂಗಾಮಿಗೆ ಬೋಲ್‌ಗಾರ್ಡ್-2ರ ಗರಿಷ್ಠ ಬೆಲೆ 901 ರೂಪಾಯಿ. ದುಬಾರಿ ಬೀಜವನ್ನು ಒತ್ತಾಗಿ ಬಿತ್ತಲಾಗದು. ಮೂರು ಅಡಿಗೆ ಎರಡಡಿ ಅಂತರ ಕೊಟ್ಟರೆ ಎಕರೆಗೆ ಏಳು ಸಾವಿರಕ್ಕಿಂತ ತುಸು ಹೆಚ್ಚು ಗಿಡ. ತಳಿ ಬಿತ್ತುವ ದೇಶಗಳಲ್ಲಿ ಎಕರೆಗೆ 40 ಸಾವಿರದಷ್ಟು ಗಿಡ ನಿಲ್ಲಿಸುವುದು ಸಾಮಾನ್ಯ. ಗಿಡ ಹೆಚ್ಚಿದ್ದರೆ ಒಂದೊಂದು ಗಿಡ ಹತ್ತು ಕಾಯಿ ಕೊಟ್ಟರೂ ಸಾಕು, ಐದು ತಿಂಗಳಲ್ಲಿ ಬೆಳೆ ಮುಗಿಯುತ್ತದೆ. ಗಿಡ ಕಡಿಮೆಯಿದ್ದರೆ ಒಂದೊಂದೂ ಪೊದೆಯಾಗಿ ಬೆಳೆದು ಎಷ್ಟೋ ಪಟ್ಟು ಹೆಚ್ಚು ಕಾಯಿ ಕಟ್ಟಬೇಕು. ಅದಕ್ಕೆ ಏಳು, ಎಂಟು ತಿಂಗಳು ಬೇಕು. ಗುಲಾಬಿ ಹುಳುವಿಗೆ ಒಂದು ತಲೆಮಾರು ಮುಗಿಸಲು ಹೆಚ್ಚೂ ಕಡಿಮೆ ಒಂದು ತಿಂಗಳು ಸಾಕು, ಸಂಖ್ಯೆ ಏರುವುದು ಹಂಗಾಮಿನ ಕೊನೆಯಲ್ಲಿ. ಕಾಲುವೆ ನೀರಿರುವ ಕಡೆ ಫೆಬ್ರವರಿ, ಮಾರ್ಚ್‌ವರೆಗೂ ಬೆಳೆ ನಿಲ್ಲಿಸಿದರೆ ಎರಡು, ಮೂರು ತಲೆಮಾರು ಹುಳುವಿಗೆ ನಾವೇ ಊಟ ಬಡಿಸಿದಂತೆ.

ಹಾಗಾದರೆ ಹೈಬ್ರಿಡ್ ಯಾಕೆ? ಇಲ್ಲಿ ಕರ್ನಾಟಕದ ಹೆಮ್ಮೆಯೊಂದು ಎದುರಾಗುತ್ತದೆ. ಸೂರತ್ತಿನಲ್ಲಿ 1970ರಲ್ಲಿ ಮೊದಲ ವಾಣಿಜ್ಯ ಹತ್ತಿ ಹೈಬ್ರಿಡ್ ಎಚ್-4 ಬಂದರೆ, 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ವರಲಕ್ಷ್ಮಿಯನ್ನು ಕೊಟ್ಟರು. ಬಳಿಕ ಬಂದ ಡಿಸಿಎಚ್-32, ಜಯಲಕ್ಷ್ಮಿ ಎಂದೇ ಹೆಸರಾದದ್ದು, ಎಚ್.ಡಿ. ಕೋಟೆ ಸೀಮೆಯ ಉದ್ದ ಎಳೆಯ ಹತ್ತಿಗೆ ಹೆಸರು ತಂದಿತು. ಸಂಜೆ ಹೂವಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸುವ ಬೀಜೋತ್ಪಾದನೆ ಹಾವೇರಿ, ರಾಣೆಬೆನ್ನೂರು ಕಡೆಯ ಸಾವಿರಾರು ಹೆಣ್ಣುಮಕ್ಕಳ ಬೆರಳ ಕೆಲಸವಾಯಿತು. ಆ ಕಾಲಕ್ಕೆ, ಆ ಉದ್ದೇಶಕ್ಕೆ ಹೈಬ್ರಿಡ್ ದೊಡ್ಡ ಸಾಧನೆ. ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ.

ಬಿಟಿ ಹೈಬ್ರಿಡ್‌ನೊಳಗೆ ಕೂರಲು ಕಾರಣ ಬೇರೆ. ನಮ್ಮ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೆಳೆದ ಬೀಜವನ್ನು ಉಳಿಸಿ ಬಿತ್ತುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ತಳಿಯಾದರೆ ಒಮ್ಮೆ ಕೊಂಡವರು ಮರುವರ್ಷ ಅಂಗಡಿಗೆ ಬರಬೇಕಿಲ್ಲ. ಹೈಬ್ರಿಡ್ ಆದರೆ ಪ್ರತಿವರ್ಷ ಬರಲೇಬೇಕು, ಉಳಿಸಿದ ಬೀಜ ಚೆದುರಿಹೋಗುತ್ತದೆ. ಕಂಪನಿಗಳಿಗೆ ಅದು ಸಹಜವಾದ ಲೆಕ್ಕ. ಆ ಲೆಕ್ಕದಿಂದ ಹುಳುವಿಗೆ ಏನು ಸಿಗುತ್ತದೆ ಎಂದು ಸಾರ್ವಜನಿಕರ ಪರವಾಗಿ ಕೇಳಬೇಕಾದವರು ಗಟ್ಟಿಯಾಗಿ ಕೇಳಲಿಲ್ಲ.

ಸರ್ಕಾರಿ ವಲಯ ಒಮ್ಮೆ ಪ್ರಯತ್ನ ಮಾಡಿತ್ತು. ನಾಗಪುರದ ಸಂಸ್ಥೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ (ಐಎಆರ್‌ಐ) ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬಿಕನೇರಿ ನರ್ಮಾ ಬಿಟಿ 2009ರಲ್ಲಿ ಹೊಲಕ್ಕೆ ಬಂತು. ತಳಿ ಅದು, ಬೀಜ ಉಳಿಸಿಕೊಳ್ಳಬಹುದಾಗಿತ್ತು. ಅದರಲ್ಲಿ ಮೊನ್ಸಾಂಟೊದ ಮೊನ್-531, ಅಂದರೆ ಬೋಲ್‌ಗಾರ್ಡ್-1ರ ಕ್ರೈ1ಎಸಿ ಜೀನ್ ಜೋಡಣೆಯೇ ಸೇರಿರುವುದು ಬೆಳಕಿಗೆ ಬಂದು ಅದೇ ವರ್ಷದ ಕೊನೆಗೆ ನಿಂತುಹೋಯಿತು. ಸಸ್ಯವಿಜ್ಞಾನಿ ಸುಧೀರ್ ಸೊಪೋರಿ ನೇತೃತ್ವದ ಸಮಿತಿ ತನಿಖೆ ನಡೆಸಿತು. ಬೇಸರದ ಸಂಗತಿಯೆಂದರೆ ಮೊನ್-531ಕ್ಕೆ ಭಾರತದಲ್ಲಿ ಪೇಟೆಂಟ್ ಇರಲೇ ಇಲ್ಲ. ಅದನ್ನೇ ನೇರವಾಗಿ ಬಳಸಿದ ಸರ್ಕಾರಿ ಬಿಟಿ ತಳಿಗಳು ಬಂದದ್ದು ಸುಮಾರು ಹತ್ತು ವರ್ಷ ತಡವಾಗಿ, ಗುಲಾಬಿ ಹುಳು ಆ ಜೀನನ್ನು ದಾಟಿಹೋದ ಮೇಲೆ.

ಬೇರೆ ಕಡೆ ಏನಾಯಿತು

ಚೀನಾದ ಯಾಂಗ್ಟ್ಸಿ ಕಣಿವೆಯ ಕತೆ ನನಗೆ ಬಹಳ ಸ್ವಾರಸ್ಯವೆನಿಸುತ್ತದೆ. ಅಲ್ಲಿಯೂ ಗುಲಾಬಿ ಹುಳು ಪ್ರತಿರೋಧದ ಹಾದಿ ಹಿಡಿದಿತ್ತು. 2010ರಿಂದ 2015ರ ನಡುವೆ ಅದು ಹಿಂದೆ ಸರಿಯಿತು. ಕಾರಣ ಯಾರೂ ಯೋಜಿಸಿದ್ದಲ್ಲ. ಬೀಜದ ಖರ್ಚು ಉಳಿಸಲು ಅಲ್ಲಿ ಹೈಬ್ರಿಡ್‌ನ ಎರಡನೆಯ ತಲೆಮಾರಿನ ಬೀಜ ಬಿತ್ತುವುದು ಹೆಚ್ಚಿತ್ತು. ಅವರದು ಒಂದೇ ಜೀನಿನ ಹತ್ತಿ, ಆದ್ದರಿಂದ ಆ ಬೀಜದಲ್ಲಿ ನಾಲ್ಕಕ್ಕೊಂದು ಗಿಡ ಬಿಟಿ ಅಲ್ಲದ್ದು. ಹೊಲದ ತುಂಬ ಇಡೀ ಗಿಡಗಳೇ ಆಶ್ರಯವಾದವು. ಅಲ್ಲಿ ಬೀಗ ಸರಿಯಿರುವ ಹುಳುಗಳು ಸೊಂಪಾಗಿ ಬೆಳೆದು, ಕೆಟ್ಟ ಬೀಗದವುಗಳನ್ನು ಕೂಡಿ, ಪ್ರತಿರೋಧ ಕರಗುತ್ತಾ ಬಂತು. ಒಂದೇ ಕಾಯಿಯೊಳಗೆ ಬಿಟಿ, ನಾನ್-ಬಿಟಿ ಬೀಜ ಬೆರೆತರೆ ಕೆಡುಕು, ಒಂದೇ ಹೊಲದಲ್ಲಿ ಬಿಟಿ, ನಾನ್-ಬಿಟಿ ಗಿಡ ಬೆರೆತರೆ ಒಳಿತು. ಹುಳು ಒಂದು ಬೀಜದಿಂದ ಇನ್ನೊಂದಕ್ಕೆ ಹೋಗುತ್ತದೆ, ಗಿಡದಿಂದ ಗಿಡಕ್ಕೆ ಹೋಗುವುದು ಕಡಿಮೆ. ವ್ಯತ್ಯಾಸ ಇಷ್ಟರಲ್ಲೇ ಇದೆ.

ಅಮೆರಿಕದ ಅರಿಝೋನಾದಲ್ಲಿ ನಿಯಮದಂತೆ ಆಶ್ರಯ ಬೆಳೆ ಬಿತ್ತಿದರು, ಹುಳು ಬಿಟಿಗೆ ಸೋಲುತ್ತಲೇ ಇತ್ತು. 2006ರಿಂದ ಇನ್ನೊಂದು ಹೆಜ್ಜೆ ಇಟ್ಟರು: ಕಾರ್ಖಾನೆಯಲ್ಲಿ ಸಾಕಿ ವಿಕಿರಣದಿಂದ ಬಂಜೆ ಮಾಡಿದ ನೂರಾರು ಕೋಟಿ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. ಬದುಕುಳಿದ ಪತಂಗಕ್ಕೆ ಸಿಗುವ ಜೋಡಿ ಬಂಜೆಯದೇ ಆಯಿತು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ಹತ್ತಿ ಸೀಮೆಯಿಂದ ಗುಲಾಬಿ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಅದೇ ಹುಳು, ಅವೇ ಜೀನ್‌ಗಳು. ನಮ್ಮ ಲಕ್ಷಾಂತರ ಸಣ್ಣ ಹಿಡುವಳಿಗಳಲ್ಲಿ ವಿಮಾನದ ದಾರಿ ಸುಲಭವಲ್ಲ, ಆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಜೀನಿನ ಆಯಸ್ಸು ಜೀನಿನೊಳಗೇ ಬರೆದಿಲ್ಲ ಎಂಬುದಕ್ಕೆ ಮಾತ್ರ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗಿನ ಹೊಲದಲ್ಲಿ

ನಮ್ಮಲ್ಲೂ ಈಗ ಬಿಟಿ ಪ್ಯಾಕೆಟ್ಟಿನೊಳಗೇ ನಾನ್-ಬಿಟಿ ಬೀಜ ಬೆರೆಸಿ ಕೊಡುವ ಕ್ರಮ ಬಂದಿದೆ. ಒಳ್ಳೆಯದೇ, ಆದರೆ ಚೀನಾದಲ್ಲಿ ಅದು ಕೆಲಸ ಮಾಡಿದ್ದು ಪ್ರತಿರೋಧ ಎಳಸಾಗಿದ್ದಾಗ. ಇಲ್ಲಿ ಕೆಟ್ಟ ಬೀಗದ ಹುಳುಗಳೇ ಬಹುಮತದಲ್ಲಿರುವಾಗ ಆಶ್ರಯದಲ್ಲಿ ಬೆಳೆಯುವವೂ ಅವೇ. ಬೆರಕೆ ಬೀಜದ ಉಪಯೋಗ ಇರುವುದು ಮುಂದೆ ಬರುವ ಹೊಸ ಜೀನಿಗೆ.

ಹೊಸ ಜೀನ್‌ಗಳು ಬರಲಿವೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಗುಲಾಬಿ ಹುಳುವಿಗೆಂದೇ ರೂಪಿಸಿದ ಹತ್ತಿಯ ಬಗ್ಗೆ ಹೇಳಿಕೊಂಡಿದೆ. ಜೀನ್ ತಿದ್ದುವ ವಿದ್ಯೆಯೂ ಬೆಳೆದಿದೆ. ಹೊರಗಿನ ಜೀನ್ ಸೇರಿಸದೆ ಮಾಡಿದ ತಿದ್ದುಪಡಿಗಳನ್ನು 2022ರಲ್ಲಿ ಕುಲಾಂತರಿ ನಿಯಮಗಳ ಬಿಗಿಯಿಂದ ಹೊರಗಿಟ್ಟರು, 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳ ಘೋಷಣೆಯೂ ಆಯಿತು. ಹತ್ತಿಯಲ್ಲಿ ಈ ವಿದ್ಯೆಯಿಂದ ನಾನು ಮೊದಲು ಬಯಸುವುದು ಹುಳುವಿಗೆ ವಿಷವನ್ನಲ್ಲ. ಒತ್ತಾಗಿ ನಿಲ್ಲುವ, ಕುಳ್ಳಗಿನ, ಐದು ತಿಂಗಳಿಗೇ ಕಾಯಿ ಬಿಚ್ಚಿ ಮುಗಿಸುವ ಗಿಡವನ್ನು. ಅಂಥ ತಳಿಗಳು ಸಾಂಪ್ರದಾಯಿಕ ಸಂಕರಣದಿಂದಲೂ ಸಾಧ್ಯ, ಕೆಲವು ಈಗಾಗಲೇ ಇವೆ. ಹೊಸ ಜೀನಿಗೆ ಅನುಮತಿ ಕೊಡುವವರು ಅದು ತಿನ್ನಲು ಸುರಕ್ಷಿತವೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ಹೈಬ್ರಿಡ್‌ನಲ್ಲಿ ಬರುತ್ತದೋ ತಳಿಯಲ್ಲೋ, ಎಷ್ಟು ದಿನದ ಬೆಳೆ, ಆಶ್ರಯ ಬೆಳೆಯ ನಷ್ಟ ಯಾರದು ಎಂದೂ ಕೇಳಬೇಕು. ಅರ್ಜಿಯಲ್ಲಿ ಆ ಮೂರಕ್ಕೆ ಉತ್ತರವಿಲ್ಲದಿದ್ದರೆ ಜೀನ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಹಾಳು ಮಾಡಲು ನಾವೇ ಹೊರಟಂತೆ.

ಅಲ್ಲಿಯವರೆಗೆ ಇರುವ ಉಪಾಯಗಳಲ್ಲಿ ಪತಂಗಕ್ಕೆ ದಾರಿ ತಪ್ಪಿಸುವುದು ಒಂದು. ಹೆಣ್ಣು ಪತಂಗ ರಾತ್ರಿ ಬಿಡುವ ವಾಸನೆಯನ್ನು 1973ರಲ್ಲೇ ಗುರುತಿಸಿದ್ದಾರೆ, ಹೆಸರು ಗಾಸಿಪ್ಲೂರ್. ಅದನ್ನಿಟ್ಟ ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಕ್ರಮ ಕೈಗೊಳ್ಳುವ ಹೊತ್ತಾಯಿತೆಂದು ಅರ್ಥ. ಅದೇ ವಾಸನೆ ತುಂಬಿದ ದಾರದ ಗಂಟುಗಳನ್ನು ಗಿಡಕ್ಕೆ ಕಟ್ಟಿ ಹೊಲದ ತುಂಬ ಹರಡಿದರೆ ಗಂಡು ಪತಂಗಕ್ಕೆ ಹೆಣ್ಣು ಎಲ್ಲಿದೆಯೆಂದು ತಿಳಿಯುವುದಿಲ್ಲ. ಒಬ್ಬರ ಎರಡೆಕರೆಯಲ್ಲಿ ಕಟ್ಟಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದಲ್ಲಿ ಕೂಡಿ ಬಂದ ಹೆಣ್ಣು ಇಲ್ಲಿ ಮೊಟ್ಟೆ ಇಡುತ್ತದೆ. ಊರಿಗೆ ಊರೇ ಕಟ್ಟಬೇಕು. ಹುಳುವಿನ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಟ್ರೈಕೊಗ್ರಾಮಾ ಜಾತಿಯ ಪುಟ್ಟ ಕಣಜಗಳು ಹೊರಬರುವ ಕಾರ್ಡುಗಳೂ ಇವೆ, ಅವನ್ನು ಬಿಟ್ಟ ಮೇಲೆ ವಾರಗಟ್ಟಲೆ ವಿಷ ಹೊಡೆಯದೆ ಕೈಕಟ್ಟಿ ಕೂರುವ ಧೈರ್ಯ ಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಖರ್ಚೇ ಇಲ್ಲದ್ದು: ಡಿಸೆಂಬರ್ ಕೊನೆಗೆ ಹತ್ತಿ ಮುಗಿಸುವುದು. ಹೇಳಲು ಸುಲಭ. ಗಿಡದ ಮೇಲೆ ಇನ್ನೂ ಕಾಯಿ ಇದೆ, ಕಾಲುವೆಯಲ್ಲಿ ನೀರಿದೆ, ಮಾರುಕಟ್ಟೆಯಲ್ಲಿ ದರ ಇದೆ ಎನ್ನುವಾಗ ಕುಡಗೋಲು ಹಿಡಿಯಲು ಯಾರ ಮನಸ್ಸೂ ಒಪ್ಪದು. ಮುಗಿಸಿದ ಮೇಲೂ ಹತ್ತಿ ಕಟ್ಟಿಗೆಯನ್ನು ಒಲೆಗೆಂದು ಹಿತ್ತಲಲ್ಲಿ ಒಟ್ಟುವುದು ನಮ್ಮ ಕಡೆ ರೂಢಿ. ಆ ಒಟ್ಟಿಲಿನ ಒಣಗಿದ ಕಾಯಿಗಳಲ್ಲಿ, ಅಂಟಿದ ಜೋಡಿ ಬೀಜದೊಳಗೆ, ಹುಳು ತಿಂಗಳುಗಟ್ಟಲೆ ಉಣ್ಣದೆ ಮಲಗಿ ಮುಂದಿನ ಮುಂಗಾರಿಗೆ ಪತಂಗವಾಗಿ ಏಳುತ್ತದೆ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಉಳಿದ ಬೀಜದ ರಾಶಿಯಿಂದಲೂ ಹಾಗೆಯೇ. ಮಿಲ್ಲಿನ ಸುತ್ತ ಬಲೆ ಕಟ್ಟಿದವರಿಗೆ ಇದು ಗೊತ್ತು. ಕೊನೆಯ ಬಿಡಿಸುವಿಕೆ ಮುಗಿದ ಹೊಲಕ್ಕೆ ಕುರಿ ಮಂದೆ ಬಿಡುವ ನಮ್ಮ ಹಳೆಯ ಪದ್ಧತಿಯನ್ನು ಕೃಷಿ ವಿಜ್ಞಾನಿಗಳು ಈಗ ಶಿಫಾರಸು ಮಾಡುತ್ತಾರೆ. ಬಿಡಿಸಿದವರು ಬಿಟ್ಟುಹೋದ ಹಸಿ ಕಾಯಿ, ಅರಳದ ಮೊಗ್ಗು, ಅದರೊಳಗಿನ ಹುಳು ಎಲ್ಲವನ್ನೂ ಕುರಿಗಳು ಒಂದೆರಡು ದಿನದಲ್ಲಿ ಮೇಯ್ದು ಮುಗಿಸುತ್ತವೆ. ಉಳಿದ ಕಟ್ಟಿಗೆಯನ್ನು ಒಟ್ಟದೆ, ಅಲ್ಲೇ ಪುಡಿಮಾಡಿ ಎರೆಮಣ್ಣಿಗೆ ಸೇರಿಸಿ ಉಳುಮೆ ಮಾಡಿದರೆ ಹುಳುವಿಗೆ ಬೇಸಿಗೆ ಕಳೆಯಲು ಆ ಹೊಲದಲ್ಲಿ ಜಾಗ ಉಳಿಯುವುದಿಲ್ಲ.